ಹಳೆಯ ಕಾರಿನ ಜಾತಕ

ಕಿತ್ತೂರಿನ ಮಗ್ಗುಲಲ್ಲಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯನ್ನು ಬಹಳ ವರ್ಷಗಳಿಂದ ಬಲ್ಲವರಿಗೆ ಒಂದು ನೋಟ ನೆನಪಿರಬಹುದು. ಎರಡು ಉದ್ದನೆಯ ಕಬ್ಬಿಣದ ತೊಲೆ, ಮುಂದೊಂದು ಎಂಜಿನ್, ಕೆಳಗೆ ಗಾಲಿಗಳು. ಮೇಲೆ ಮಾಡಿಲ್ಲ, ಬದಿಗೆ ಬಾಗಿಲಿಲ್ಲ. ಹಲಗೆಯೊಂದರ ಮೇಲೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕುಳಿತ ಚಾಲಕ. ಕಾರ್ಖಾನೆಯಿಂದ ಹೊರಟ ಲಾರಿಯ ಚಾಸಿ ಅದು. ಊರು ತಲುಪಿದ ಮೇಲೆ ಗ್ಯಾರೇಜಿನವರು ಅದಕ್ಕೆ ‘ಬಾಡಿ ಕಟ್ಟುತ್ತಿದ್ದರು’. ಎಂಜಿನ್ ಒಬ್ಬರದು, ಮೈ ಇನ್ನೊಬ್ಬರದು. ಹೀಗಾಗಿ ಒಂದೇ ಕಂಪನಿಯ ಹತ್ತು ಲಾರಿಗಳು ಹತ್ತು ರೂಪದಲ್ಲಿ ಓಡಾಡುತ್ತಿದ್ದವು.

ಓದುಗ ಮಿತ್ರರೇ, ರಾಜಮಹಾರಾಜರ ರೋಲ್ಸ್ ರಾಯ್ಸ್ ಕಾರಿನ ಮಾತನ್ನು ಲಾರಿಯಿಂದ ಆರಂಭಿಸಿದ್ದಕ್ಕೆ ನಗಬೇಡಿ. ಎರಡರ ಹುಟ್ಟಿನ ಕ್ರಮ ಒಂದೇ. ಎರಡನೆಯ ಮಹಾಯುದ್ಧಕ್ಕೆ ಮೊದಲು ರೋಲ್ಸ್ ರಾಯ್ಸ್ ಕಂಪನಿ ಗಿರಾಕಿಗೆ ಪೂರ್ತಿ ಕಾರನ್ನು ಮಾರುತ್ತಲೇ ಇರಲಿಲ್ಲ. ಮಾರುತ್ತಿದ್ದುದು ಚಾಸಿಯನ್ನು ಮಾತ್ರ. ಕೊಂಡವನು ಅದನ್ನು ತನಗೆ ಬೇಕಾದ ಸಾರೋಟು ತಯಾರಕನಲ್ಲಿಗೆ ಕಳಿಸಿ, ಎಷ್ಟು ಜನ ಕೂಡಬೇಕು, ಮಾಡು ಮಡಚಬೇಕೇ ಬೇಡವೇ, ಅಂತಃಪುರದ ಹೆಂಗಸರಿಗೆ ಪರದೆ ಬೇಕೇ ಎಂಬುದನ್ನೆಲ್ಲ ಹೇಳಿ ಮೈ ಕಟ್ಟಿಸಿಕೊಳ್ಳುತ್ತಿದ್ದ. ಲಂಡನ್ನಿನ ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿ ಇಂಥ ಹೆಸರಾಂತ ತಯಾರಕರು. ಬಾರ್ಕರ್ ಮನೆತನದ ಉದ್ಯೋಗ 1710ರಷ್ಟು ಹಳೆಯದು. ಅಂದರೆ ಮೋಟಾರು ಹುಟ್ಟುವ ಎಷ್ಟೋ ಮೊದಲಿನಿಂದ ಅವರು ಕುದುರೆ ಸಾರೋಟು ಕಟ್ಟುತ್ತಿದ್ದವರು. ಕುದುರೆ ಹೋಗಿ ಎಂಜಿನ್ ಬಂತು, ಕೈಕಸುಬು ಮಾತ್ರ ಮುಂದುವರಿಯಿತು.

ತೆರೆಯ ಮೇಲಿನ ಮಾತಿಗೆ ನಿಮಿಷಗಳ ಲೆಕ್ಕವಿರುತ್ತದೆ. ಅಲ್ಲಿ ಹೇಳದೆ ಉಳಿದದ್ದನ್ನು, ಅದರಲ್ಲೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ವೀಕ್ಷಕರಿಗೆ ಉಪಯೋಗವಾದೀತು ಎನಿಸಿದ್ದನ್ನು, ಇಲ್ಲಿ ಬರೆಯುತ್ತಿದ್ದೇನೆ. ಉಪಯೋಗ ಹೇಗೆಂಬುದು ಮುಂದೆ ಗೊತ್ತಾಗುತ್ತದೆ.

ಮೊದಲು ಆ ಮೈ ಹೇಗೆ ತಯಾರಾಗುತ್ತಿತ್ತು ನೋಡೋಣ. ಒಳಗಿನ ಹಂದರ ಮರದ್ದು. ವಿಲಾಯತಿಯಲ್ಲಿ ಹೆಚ್ಚಾಗಿ ಆ್ಯಶ್ ಎಂಬ ಮರ ಬಳಸುತ್ತಿದ್ದರು. ಅದು ಬಾಗುತ್ತದೆ, ಸುಲಭವಾಗಿ ಸೀಳುವುದಿಲ್ಲ. ನಮ್ಮ ಬಡಿಗೇರರು ಚಕ್ಕಡಿಯ ಗಾಲಿಗೆ ಕರಿಜಾಲಿಯನ್ನು ಆರಿಸುವುದರ ಹಿಂದೆಯೂ ಇಂಥದ್ದೇ ಲೆಕ್ಕವಿದೆ. ದಾರಿಯ ಹೊಡೆತಕ್ಕೆ ಮರ ತಾನು ಸ್ವಲ್ಪ ಮಣಿದು ಬಂಡಿಯನ್ನು ಉಳಿಸಬೇಕು. ಹಂದರದ ಮೇಲೆ ಅಲ್ಯೂಮಿನಿಯಮ್ ತಗಡಿನ ಹೊದಿಕೆ. ತಗಡನ್ನು ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ಉಬ್ಬಿಸುತ್ತಾರೆ. ಆಮೇಲೆ ಎರಡು ಉಕ್ಕಿನ ಉರುಳೆಗಳ ನಡುವೆ ಹಿಂದೆ ಮುಂದೆ ಹಾಯಿಸಿ ಏರುತಗ್ಗು ತೆಗೆಯುತ್ತಾರೆ. ತಾಮ್ರದ ಹಂಡೆ ಬಡಿಯುವುದನ್ನು ಕಂಡವರಿಗೆ ಇದು ಹೊಸದೆನಿಸದು. ತಟ್ಟಿದಷ್ಟೂ ಲೋಹ ಬಿರುಸಾಗುತ್ತದೆ, ಒಂದು ಹಂತ ದಾಟಿದರೆ ಬಿರಿಯುತ್ತದೆ. ಆದ್ದರಿಂದ ನಡುನಡುವೆ ಕಾಯಿಸಿ ಮೆತ್ತಗೆ ಮಾಡಬೇಕು. ಕಬ್ಬಿಣವಾದರೆ ಕೆಂಪಾಗಿ ತನ್ನ ಹದವನ್ನು ತಾನೇ ಹೇಳುತ್ತದೆ. ಅಲ್ಯೂಮಿನಿಯಮ್ ಹಾಗೆ ಬಣ್ಣ ತೋರಿಸದೆ ಒಮ್ಮೆಲೇ ಕರಗಿ ಕೆಳಗೆ ಬೀಳುತ್ತದೆ. ಅದಕ್ಕೆ ಕಸುಬುದಾರರು ಕಂಡುಕೊಂಡ ಉಪಾಯ ಸಾಬೂನು. ತಗಡಿಗೆ ಸಾಬೂನು ಉಜ್ಜಿ ಬೆಂಕಿ ಹಿಡಿಯುತ್ತಾರೆ. ಸಾಬೂನು ಕಪ್ಪಾಯಿತೆಂದರೆ ಹದ ಬಂತು, ಬೆಂಕಿ ತೆಗೆಯಬೇಕು. ವಿಜ್ಞಾನ ಓದಿದ ನನಗೆ ಯಾವ ಉಷ್ಣಮಾಪಕಕ್ಕಿಂತ ಈ ಸಾಬೂನಿನ ತುಂಡಿನ ಮೇಲೆ ಗೌರವ ಜಾಸ್ತಿ.

ಇಂಥ ಮೈಗೆ ಮುಪ್ಪು ಬರುವ ರೀತಿಯೂ ಬೇರೆ. ಅಲ್ಯೂಮಿನಿಯಮ್ ತಗಡನ್ನು ಉಕ್ಕಿನ ತಿರುಪಿನಿಂದ ಬಿಗಿದ ಕಡೆ ನೀರಿನ ಪಸೆ ನಿಂತರೆ ಅಲ್ಲೊಂದು ಸಣ್ಣ ವಿದ್ಯುತ್ಕೋಶವೇ ಹುಟ್ಟಿಕೊಳ್ಳುತ್ತದೆ. ಅಲ್ಯೂಮಿನಿಯಮ್ ಬಿಳಿಯ ಪುಡಿಯಾಗಿ ಉದುರತೊಡಗುತ್ತದೆ. ಮೇಲಿನ ಬಣ್ಣ ಹೊಳೆಯುತ್ತಿರುತ್ತದೆ, ಅಡಿಯಲ್ಲಿ ಮರ ಕುಂಬಾಗಿರುತ್ತದೆ. ಇನ್ನು ಎಂಜಿನ್ನಿಗೆ ಇತ್ತೀಚೆಗೆ ಬಂದ ಒಂದು ತೊಂದರೆ ನಮ್ಮ ಜಿಲ್ಲೆಗೂ ಸಂಬಂಧಪಟ್ಟದ್ದು. ನಮ್ಮ ಕಬ್ಬಿನಿಂದ ಸಕ್ಕರೆ ಕಾರ್ಖಾನೆಗಳಲ್ಲಿ ತಯಾರಾಗುವ ಎಥನಾಲ್ ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಬೆರೆಯುತ್ತಿದೆ. ಹೊಸ ಕಾರುಗಳಿಗೆ ಅದು ಹೊಂದುತ್ತದೆ. ಹಳೆಯ ಕಾರ್ಬುರೇಟರುಗಳಲ್ಲಿ ಮಾತ್ರ ತೇಲುಬೆಂಡಿಗೆ ಕಾರ್ಕ್ ಬಳಸಿ ಮೇಲೆ ಅರಗಿನ ಲೇಪ ಕೊಡುತ್ತಿದ್ದರು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆಂಬುದು ಪಾಲಿಶ್ ಮಾಡುವ ಯಾವ ಬಡಿಗೇರರಿಗೂ ಗೊತ್ತು. ಪೆಟ್ರೋಲಿನೊಳಗಿನ ಎಥನಾಲ್ ಅದೇ ಕೆಲಸ ಮಾಡುತ್ತದೆ. ಲೇಪ ಹೋದ ಬೆಂಡು ನೆನೆದು ಮುಳುಗಿತೆಂದರೆ ಪೆಟ್ರೋಲು ಉಕ್ಕಿ ಹೊರಗೆ ಚೆಲ್ಲುತ್ತದೆ. ಎಂಜಿನ್ ಬಿಸಿಯಿದ್ದಾಗ ಇದು ಅಪಾಯದ ಮಾತು.

ಇನ್ನು ಒಡೆತನದ ಕಥೆಗೆ ಬರೋಣ.

ನಾಲ್ವಡಿ ಕೃಷ್ಣರಾಜ ಒಡೆಯರು ರೋಲ್ಸ್ ರಾಯ್ಸ್ ಕಾರುಗಳನ್ನು ಏಳೇಳರಂತೆ ಒಟ್ಟಿಗೆ ತರಿಸುತ್ತಿದ್ದರೆಂದೂ, ಒಂದೇ ಸಲಕ್ಕೆ ಹೆಚ್ಚು ಕಾರು ಕೊಳ್ಳುವುದಕ್ಕೆ ಕಂಪನಿಯವರ ಬಾಯಲ್ಲಿ ‘ಮೈಸೂರು ಮಾಡುವುದು’ ಎಂಬ ಮಾತೇ ಹುಟ್ಟಿಕೊಂಡಿತೆಂದೂ ಕಾರುಗಳ ಚರಿತ್ರೆ ಬರೆದವರು ಹೇಳುತ್ತಾರೆ. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳು ವಿಲೀನವಾದವು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ರಾಜಧನವೂ ನಿಂತಿತು. ಹತ್ತಾರು ಕಾರುಗಳನ್ನು ಸಾಕುವ ಶಕ್ತಿ ಅರಮನೆಗಳಿಗೆ ಉಳಿಯಲಿಲ್ಲ. ಆ ಹೊತ್ತಿಗಾಗಲೇ ವಿದೇಶದ ಸಂಗ್ರಾಹಕರು ಇಲ್ಲಿಗೆ ಬಂದು ಕಾರುಗಳನ್ನು ಕೊಂಡೊಯ್ಯುತ್ತಿದ್ದರು. 1950ಕ್ಕೆ ಮೊದಲು ತಯಾರಾದ ಕಾರುಗಳ ರಫ್ತಿಗೆ ಸರ್ಕಾರ ನಿರ್ಬಂಧ ಹಾಕುವಷ್ಟರಲ್ಲಿ ಅನೇಕ ಒಳ್ಳೆಯ ಕಾರುಗಳು ಕಡಲು ದಾಟಿದ್ದವು.

ಹಾಗೆ ದಾಟಿ ಮತ್ತೆ ಮರಳಿ ಬಂದ ಒಂದು ಕಾರಿದೆ. ಗುಜರಾತದ ರಾಜಕೋಟೆಯ ಠಾಕೂರ ಸಾಹೇಬ ಧರ್ಮೇಂದ್ರಸಿಂಹಜಿಯವರಿಗಾಗಿ 1934ರಲ್ಲಿ ತಯಾರಾದ ರೋಲ್ಸ್ ರಾಯ್ಸ್ ಫ್ಯಾಂಟಮ್ ಎರಡು. ಹೆಸರು ‘ಸ್ಟಾರ್ ಆಫ್ ಇಂಡಿಯಾ’. ಎಂಜಿನ್ 7.7 ಲೀಟರಿನದು. ಮಡಚುವ ಮಾಡಿನ ಕೇಸರಿ ಬಣ್ಣದ ಮೈ ಥ್ರಪ್ ಅಂಡ್ ಮೇಬರ್ಲಿಯವರದು. 1968ರಲ್ಲಿ ಅದು ಇಂಗ್ಲೆಂಡಿನ ಸಂಗ್ರಾಹಕರೊಬ್ಬರ ಪಾಲಾಯಿತು. 2010ರಲ್ಲಿ ಮೊನಾಕೊದಲ್ಲಿ ಹರಾಜಿಗೆ ಬಂದಾಗ ರಾಜಕೋಟೆಯ ಅದೇ ಮನೆತನದವರು ಅದನ್ನು ಕೊಂಡು ಊರಿಗೆ ತಂದರು. ನಾಲ್ಕು ದಶಕ ದೂರವಿದ್ದರೂ ಇದು ಅದೇ ಕಾರೆಂದು ಯಾರೂ ತಕರಾರು ತೆಗೆಯಲಿಲ್ಲ. ಕಾರಣ, ಅದರ ಕಾಗದಪತ್ರಗಳ ಸರಪಳಿ ಎಲ್ಲಿಯೂ ತುಂಡಾಗಿರಲಿಲ್ಲ. ರೋಲ್ಸ್ ರಾಯ್ಸ್ ಕಂಪನಿ ಪ್ರತಿಯೊಂದು ಚಾಸಿಗೂ ಒಂದು ಸಂಖ್ಯೆ ಕೊಟ್ಟು, ಯಾರು ಕೊಂಡರು, ಮೈ ಯಾರು ಕಟ್ಟಿದರು ಎಂಬುದನ್ನು ಬರೆದಿಡುತ್ತಿತ್ತು. ಆ ದಾಖಲೆಗಳು ಇಂದಿಗೂ ಇಂಗ್ಲೆಂಡಿನಲ್ಲಿ ರೋಲ್ಸ್ ರಾಯ್ಸ್ ಅಭಿಮಾನಿಗಳ ಸಂಘದ ಬಳಿ ಇವೆ. ಸಂಖ್ಯೆ ಗೊತ್ತಿದ್ದರೆ ಕಾರಿನ ಜಾತಕವೇ ಸಿಕ್ಕಂತೆ.

ಒಮ್ಮೆಯೂ ಮನೆ ಬಿಡದ ಕಾರನ್ನು ನೋಡಬೇಕಾದರೆ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಳಗಾವಿಯಿಂದ ಸುಮಾರು 110 ಕಿಲೋಮೀಟರು ದೂರದ ಕೊಲ್ಹಾಪುರದಲ್ಲಿ ದಸರೆಯ ದಿನ ರಾಜಮನೆತನದ ಮೇಬ್ಯಾಕ್ ಕಾರು ಹೊರಗೆ ಬರುತ್ತದೆ. ಜರ್ಮನಿಯ ಈ ಕಂಪನಿ ವಿಮಾನನೌಕೆಗಳಿಗೆ ಎಂಜಿನ್ ಮಾಡುತ್ತಿದ್ದದ್ದು. 1921ರಿಂದ ಸುಮಾರು ಎರಡು ದಶಕ ಕಾರುಗಳನ್ನೂ ತಯಾರಿಸಿತು. ಅಲ್ಲಿಯೂ ಚಾಸಿ ಕಂಪನಿಯದು, ಮೈ ಬೇರೆಯವರದು. 1922ರಿಂದ 1940ರವರೆಗೆ ಆಳಿದ ರಾಜಾರಾಮ ಮಹಾರಾಜರ ಕಾಲದಲ್ಲಿ ಬಂದ ಈ ಕಾರು ಇಂದಿಗೂ ದಸರೆಗೆ ತನ್ನ ಗಾಲಿಯ ಮೇಲೆ ತಾನೇ ಓಡುತ್ತದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಕಾರಿಗಿಂತ ವರ್ಷಕ್ಕೊಂದು ದಿನವಾದರೂ ಓಡುವ ಕಾರು ಹೆಚ್ಚು ಬಾಳುತ್ತದೆಂಬುದು ನನ್ನ ಅಭಿಪ್ರಾಯ. ಎಣ್ಣೆ ಹರಿಯದ ಎಂಜಿನ್ ನಿಂತಲ್ಲೇ ತುಕ್ಕು ಹಿಡಿಯುತ್ತದೆ. ನಮ್ಮ ನಾಡಿನಲ್ಲಿ ಇಂಥ ಕಾರುಗಳನ್ನು ಒಂದೇ ಕಡೆ ನೋಡಬಯಸುವವರು ಧರ್ಮಸ್ಥಳದ ಸಂಗ್ರಹಕ್ಕೆ ಹೋಗಬಹುದು. ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳಿಗಾಗಿ ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ವಸ್ತುಸಂಗ್ರಹಾಲಯವೂ 2023ರಲ್ಲಿ ತೆರೆಯಿತು.

ಹಳೆಯ ಕಾರುಗಳ ಬಗ್ಗೆ ಕಥೆಗಳಿಗಂತೂ ಬರವಿಲ್ಲ. ಲಂಡನ್ನಿನ ಅಂಗಡಿಯವನು ಅವಮಾನಿಸಿದನೆಂದು ಮಹಾರಾಜರೊಬ್ಬರು ರೋಲ್ಸ್ ರಾಯ್ಸ್ ಕಾರುಗಳನ್ನು ಕೊಂಡು ತಂದು ಕಸ ಹೊಡೆಯಲು ಬಿಟ್ಟರಂತೆ. ಈ ಕಥೆಯನ್ನು ಕೆಲವರು ಅಲ್ವರಿನ ಹೆಸರಿನಲ್ಲಿ, ಕೆಲವರು ಭರತಪುರದ ಹೆಸರಿನಲ್ಲಿ, ಇನ್ನು ಕೆಲವರು ಪಟಿಯಾಲದ ಹೆಸರಿನಲ್ಲಿ ಹೇಳುತ್ತಾರೆ. ಊರು ಬದಲಾದರೂ ಕಥೆ ಬದಲಾಗದಿದ್ದರೆ ಅದನ್ನು ಕಟ್ಟೆಯ ಮೇಲೆ ಕೂತು ಕೇಳಿ ಸಂತೋಷಪಡಬೇಕು, ಚರಿತ್ರೆಯೆಂದು ಬರೆದಿಡಬಾರದು.

ಒಡೆತನದ ಮಾತಿನಲ್ಲಿ ಇನ್ನೊಂದು ಪ್ರಶ್ನೆಯೂ ಅಡಗಿದೆ. ಕೊಂಡವರು ಯಾರೆಂಬುದು ಕಾಗದದಲ್ಲಿ ಸಿಗುತ್ತದೆ, ಹಣ ಯಾರದು ಎಂಬುದು ಸಿಗುವುದಿಲ್ಲ. ಭಾವೆ ಮನೆತನದ ರಾಮದುರ್ಗ ಸಂಸ್ಥಾನದ ವಿಸ್ತೀರ್ಣ ಬರೀ 169 ಚದರ ಮೈಲಿ. ಅಷ್ಟರೊಳಗಿನ ರೈತರು 1939ರಲ್ಲಿ ಕರಭಾರದ ವಿರುದ್ಧ ಎದ್ದು ಸೆರೆಮನೆಗೆ ನುಗ್ಗಿದರು, ರಕ್ತ ಹರಿಯಿತು. ದೊಡ್ಡ ಸಂಸ್ಥಾನವಿರಲಿ, ಸಣ್ಣದಿರಲಿ, ದೊರೆಗಳ ವೈಭವವೆಲ್ಲ ಕಂದಾಯದಿಂದಲೇ ನಡೆಯುತ್ತಿತ್ತು. ಇಂಥ ಕಾರನ್ನು ನೋಡುವಾಗ ಇದು ನೆನಪಾಗುವುದು ತಪ್ಪಲ್ಲ. ಮರ ಕೊಯ್ದವನ, ತಗಡು ಬಡಿದವನ, ಕಂದಾಯ ಕಟ್ಟಿದವನ ಪಾಲು ಅದರಲ್ಲಿದೆ. ಅದನ್ನು ಗುಜರಿಗೆ ಹಾಕಬಾರದು ಎನ್ನುವುದಕ್ಕೆ ನನಗೆ ಇದೂ ಒಂದು ಕಾರಣವಾಗಿ ತೋರುತ್ತದೆ.

ಈಗ ದುರಸ್ತಿಯ ಪ್ರಶ್ನೆ. ನಮ್ಮ ಹಳ್ಳಿಗಳಲ್ಲಿ ಒಂದು ತಮಾಷೆಯ ಮಾತಿದೆಯಲ್ಲ, ಇದು ನಮ್ಮ ಮುತ್ಯಾನ ಕೊಡಲಿ, ಕಾವು ಮೂರು ಸಲ ಬದಲಾಗಿದೆ, ಕೊಡಲಿ ಎರಡು ಸಲ ಬದಲಾಗಿದೆ ಅಂತ. ಹಾಗಾದರೆ ಅದು ಮುತ್ಯಾನ ಕೊಡಲಿಯೇ ಹೌದೋ ಅಲ್ಲವೋ? ಲಂಡನ್ನಿನ ಹೈಕೋರ್ಟಿನಲ್ಲಿ 1990ರಲ್ಲಿ ನ್ಯಾಯಮೂರ್ತಿ ಆಟನ್ ಅವರ ಮುಂದೆ ಇದೇ ಪ್ರಶ್ನೆ ಕಾರಿನ ರೂಪದಲ್ಲಿ ಬಂತು.

ಕಾರು ಬೆಂಟ್ಲಿ ಸ್ಪೀಡ್ ಸಿಕ್ಸ್, ಅಡ್ಡಹೆಸರು ‘ಓಲ್ಡ್ ನಂಬರ್ ಒನ್’. ಫ್ರಾನ್ಸಿನ ಲ ಮಾನ್ಸ್ ಎಂಬಲ್ಲಿ ನಡೆಯುವ 24 ಗಂಟೆಗಳ ಓಟದಲ್ಲಿ 1929 ಮತ್ತು 1930ರಲ್ಲಿ ಸತತ ಎರಡು ಬಾರಿ ಗೆದ್ದದ್ದು. ಆ ಮೇಲೆ ಅದು ಒಂದೇ ರೂಪದಲ್ಲಿ ಉಳಿಯಲಿಲ್ಲ. ದೊಡ್ಡದಾದ 8 ಲೀಟರಿನ ಎಂಜಿನ್ ಕೂಡಿಸಿದರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಓಟದಲ್ಲಿ ಇಳಿಜಾರಿನ ಅಂಚು ದಾಟಿ ಬಿದ್ದು ಚಾಲಕ ಕ್ಲೈವ್ ಡನ್‌ಫೀ ಸತ್ತ. ಅನಂತರ ಅದಕ್ಕೆ ರಸ್ತೆಯ ಕಾರಿನ ಮುಚ್ಚಿದ ಮೈ ಕಟ್ಟಿಸಿದರು. ಹೀಗೆ ಒಂದೊಂದೇ ಭಾಗ ಬದಲಾಗುತ್ತ 1929ರ ಓಟದಲ್ಲಿದ್ದ ಸಾಮಾನು ಅತ್ಯಲ್ಪ ಉಳಿಯಿತು. ಒಂದು ಕಂಪನಿ ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿ, ಆಮೇಲೆ ಇದು ಅಸಲಿ ಕಾರಲ್ಲವೆಂದು ಹಿಂದೆ ಸರಿಯಿತು. ಮಾರಿದವರು ದಾವೆ ಹೂಡಿದರು.

ನ್ಯಾಯಾಧೀಶರ ತೀರ್ಮಾನದ ಸಾರ ಕೇಳಿ. 1929ರ ಓಟದಲ್ಲಿದ್ದ ಕಾರು ಅದೇ ರೂಪದಲ್ಲಿ ಇಂದು ಇಲ್ಲವೆಂಬುದು ನಿಜ. ಆದರೆ ಅದು ಎಲ್ಲಿಯೂ ಸತ್ತು ಮತ್ತೆ ಹುಟ್ಟಿಲ್ಲ. ಬದಲಾವಣೆಗಳೆಲ್ಲ ಒಂದರ ನಂತರ ಒಂದರಂತೆ, ಒಂದೇ ಕಾರಿನ ಜೀವನದಲ್ಲಿ ನಡೆದವು. ನಾನೇ ಆ ಕಾರು ಎನ್ನುವ ಇನ್ನೊಂದು ಕಾರೂ ಜಗತ್ತಿನಲ್ಲಿಲ್ಲ. ಆದ್ದರಿಂದ ಇದೇ ಓಲ್ಡ್ ನಂಬರ್ ಒನ್. ಬೆಲೆ ನಿಂತದ್ದು ತಗಡಿನ ಮೇಲಲ್ಲ, ತುಂಡಾಗದ ಚರಿತ್ರೆಯ ಮೇಲೆ.

ನಮ್ಮಲ್ಲಿ ಕಾನೂನು ಸ್ವಲ್ಪ ಬೇರೆ ದಾರಿ ಹಿಡಿದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳ ನೋಂದಣಿಯ ನಿಯಮ ಸೇರಿತು. ಮೊದಲ ನೋಂದಣಿಯಾಗಿ 50 ವರ್ಷ ಕಳೆದಿರಬೇಕು. ವಾಹನ ಮೂಲ ಸ್ವರೂಪದಲ್ಲಿರಬೇಕು. ಚಾಸಿ, ಮೈ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000. ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥವುಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು, ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅಲ್ಲ. ನಿಯಮ ಒಳ್ಳೆಯದೇ. ಆದರೆ ಅದರ ಅಕ್ಷರಗಳನ್ನು ಹಿಡಿದು ನೋಡಿದರೆ ಓಲ್ಡ್ ನಂಬರ್ ಒನ್ ನಮ್ಮಲ್ಲಿ ವಿಂಟೇಜ್ ಎನಿಸಿಕೊಳ್ಳುವುದು ಕಷ್ಟ. ಮೈಯನ್ನು ಬೇರೆಯವರೇ ಕಟ್ಟಿದ ಕಾರುಗಳ ಗತಿಯೂ ಅಷ್ಟೇ. ಶ್ರೀಮಂತರು ಹತ್ತು ವರ್ಷಕ್ಕೊಮ್ಮೆ ಚಾಸಿ ಹಾಗೇ ಇಟ್ಟುಕೊಂಡು ಮೈ ಬದಲಾಯಿಸಿಕೊಳ್ಳುವುದು ಆಗಿನ ರೂಢಿಯಾಗಿತ್ತು. ಅದರಲ್ಲಿ ಯಾವುದು ‘ಮೂಲ ಸ್ವರೂಪ’? ಉತ್ತರ ಹೇಳಬಲ್ಲದ್ದು ಹಳೆಯ ರಸೀದಿ, ಹಳೆಯ ಫೋಟೊ, ಹಳೆಯ ಪುಸ್ತಕ. ಕಾಗದವಿಲ್ಲದವನು ಅಧಿಕಾರಿಯ ಮುಂದೆ ಬಾಯಿಮಾತಿನಲ್ಲಿ ವಾದಿಸಬೇಕಾಗುತ್ತದೆ.

ಕಿತ್ತೂರಿನ ಜನರಿಗೆ ಈ ಚರ್ಚೆ ಅಪರಿಚಿತವಲ್ಲ. ಕೋಟೆಯೊಳಗಿನ ಅರಮನೆಯ ಮುರಿದ ಗೋಡೆಗಳನ್ನು ಇದ್ದಂತೆ ಉಳಿಸಿದ್ದಾರೆ. ಅದೇ ಅರಮನೆಯ ಪ್ರತಿರೂಪವನ್ನು ಎಲ್ಲಿ ಕಟ್ಟಬೇಕೆಂದು ಈಚಿನ ವರ್ಷಗಳಲ್ಲಿ ಬಿಸಿಬಿಸಿ ವಾದವೂ ನಡೆಯಿತು. ಪ್ರತಿರೂಪ ಎಷ್ಟೇ ಅಂದವಾಗಿದ್ದರೂ ಜನ ಕೈಮುಗಿಯುವುದು ಮುರಿದ ಗೋಡೆಗೆ. ಕಾರನ್ನು ಹೊಸದರಂತೆ ಹೊಳೆಯಿಸುವ ದುರಸ್ತಿಯ ಬಗ್ಗೆ ನನಗಿರುವ ಅನುಮಾನವೂ ಇಂಥದ್ದೇ. ಹಳೆಯ ಬಣ್ಣವನ್ನು ಪೂರ್ತಿ ಕೆರೆದು ತೆಗೆದರೆ ಅದರಡಿಯ ಪದರುಗಳೂ ಹೋದವು. ಯಾವ ಕಾಲಕ್ಕೆ ಯಾವ ಬಣ್ಣವಿತ್ತೆಂದು ಆ ಪದರುಗಳೇ ಹೇಳುತ್ತಿದ್ದವು. ಹೊಲಿದ ಚರ್ಮದ ಆಸನವನ್ನು ಕಿತ್ತು ರೆಕ್ಸಿನ್ ಹಾಕಿದರೆ ಆ ಹೊಲಿಗೆ ಮತ್ತೆ ಬರುವುದಿಲ್ಲ. ಗಟ್ಟಿಯಿದ್ದದ್ದನ್ನು ಮುಟ್ಟಬಾರದು. ಕೊಳೆತದ್ದನ್ನು ಮಾತ್ರ ತೆಗೆಯಬೇಕು, ತೆಗೆದ ತುಂಡನ್ನೂ ಚೀಟಿ ಕಟ್ಟಿ ಇಡಬೇಕು.

ಇದೆಲ್ಲ ಅರಮನೆಯವರ ಮಾತಾಯಿತು, ನಮಗೇನು ಎಂದು ಕೇಳುವವರಿರಬಹುದು. ಜನರಲ್ ಮೋಟಾರ್ಸ್ ಕಂಪನಿ 1928ರಿಂದ ಮುಂಬಯಿಯಲ್ಲೇ ಕಾರು, ಲಾರಿಗಳನ್ನು ಜೋಡಿಸುತ್ತಿತ್ತು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಶೆವ್ರೊಲೆಯೋ ಫೋರ್ಡೋ, ಯುದ್ಧಕಾಲದ ಜೀಪೋ, ಮೈಸೂರಿನಲ್ಲಿ ತಯಾರಾದ ಜಾವಾ ಮೋಟಾರುಸೈಕಲ್ಲೋ ನಿಮ್ಮ ವಾಡೆಯ ಹಿತ್ತಿಲಲ್ಲಿ, ಹತ್ತಿಯ ಗೋದಾಮಿನ ಮೂಲೆಯಲ್ಲಿ ನಿಂತಿದ್ದರೆ ಅದಕ್ಕೂ ಜಾತಕವಿದೆ. ಮೋಡಕಾ ವ್ಯಾಪಾರಿ ತೂಕದ ಲೆಕ್ಕದಲ್ಲಿ ದರ ಹೇಳುತ್ತಾನೆ. ಒಪ್ಪುವ ಮುನ್ನ ಮನೆಯ ಹಳೆಯ ಟ್ರಂಕು ತೆಗೆದು ನೋಡಿ. ರಾಮದುರ್ಗ 1948ರವರೆಗೆ ಬೇರೆ ಸಂಸ್ಥಾನ, ಉಳಿದ ಭಾಗ 1956ರವರೆಗೆ ಮುಂಬಯಿ ರಾಜ್ಯ. ಆದ್ದರಿಂದ ವಾಹನದ ಹಳೆಯ ಕಾಗದಗಳು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರಬಹುದು, ಲೆಕ್ಕದ ವಹಿಗಳು ಮೋಡಿ ಲಿಪಿಯಲ್ಲೂ ಇರಬಹುದು. ಓದಲು ಬರುವುದಿಲ್ಲವೆಂದು ಒಲೆಗೆ ಹಾಕಬೇಡಿ, ಬಲ್ಲವರಿಗೆ ತೋರಿಸಿ. ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಹಿತ್ತಾಳೆಯ ಫಲಕಗಳನ್ನು ಮಾತ್ರ ಬೇರೆಯಾಗಿ ಮಾರಬೇಡಿ. ಒಂದು ಕಾರಿನ ಫಲಕವನ್ನು ಇನ್ನೊಂದಕ್ಕೆ ಬಡಿದು ನಕಲಿಗೆ ಅಸಲಿಯ ಹೆಸರು ಕೊಡುವ ದಂಧೆ ಎಲ್ಲ ದೇಶಗಳಲ್ಲೂ ಇದೆ.

ಚಾಸಿಯ ಸಂಖ್ಯೆ ಹುಡುಕುವುದು ಸುಲಭ. ಹೆಚ್ಚಿನ ವಾಹನಗಳಲ್ಲಿ ಎಂಜಿನ್ನಿನ ಹತ್ತಿರದ ಕಬ್ಬಿಣದ ತೊಲೆಯ ಮೇಲೆ ಕೊರೆದಿರುತ್ತಾರೆ. ಜಂಗಿನಲ್ಲಿ ಕಾಣದಿದ್ದರೆ ಅರದಿಂದಾಗಲಿ ಮರಳು ಕಾಗದದಿಂದಾಗಲಿ ಉಜ್ಜಬೇಡಿ, ಅಕ್ಷರವೇ ಸವೆದುಹೋದೀತು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಒಂದು ರಾತ್ರಿ ಅದರ ಮೇಲೆ ಬಿಡಿ, ಬೆಳಿಗ್ಗೆ ಒರೆಸಿ. ಆಮೇಲೆ ತೆಳುವಾದ ಬಿಳಿ ಕಾಗದವನ್ನು ಅದರ ಮೇಲಿಟ್ಟು ಅಲುಗದಂತೆ ಹಿಡಿದು, ಸೀಸದಕಡ್ಡಿಯನ್ನು ಅಡ್ಡ ಮಲಗಿಸಿ ಹಗುರಾಗಿ ಉಜ್ಜಿ. ಸಾರಿಗೆ ಕಚೇರಿಯವರು ಮಾಡುವುದೂ ಹೀಗೆಯೇ. ಅಂಕಿಗಳು ಮೂಡಿದ ಆ ಕಾಗದದ ಹಿಂದೆ ತಾರೀಖು ಬರೆದು, ಹೊಲದ ಉತಾರದ ಜೊತೆಗೇ ಇಡಿ.